ಇಲ್ಲಿ ಸಂದ ಕೋರ್ಸ್ ಅಲ್ಲೂ ಸಲ್ಲುತ್ತಾ? ಡಬಲ್ ಮೇಜರ್‌ಗೆ ಮುಂಚೆ ಹಾಕಬೇಕಾದ ಲೆಕ್ಕ

ಅಮೆರಿಕಕ್ಕೋ ಕೆನಡಾಕ್ಕೋ ಡಿಗ್ರಿ ಓದಲು ಹೋದ ಮಕ್ಕಳು ಮೊದಲ ವರ್ಷ ಮುಗಿಯುವ ಹೊತ್ತಿಗೆ ಮನೆಗೆ ಫೋನ್ ಮಾಡಿ ಹೇಳುವ ಮಾತೊಂದಿದೆ. “ಅಪ್ಪಾ, ಕಂಪ್ಯೂಟರ್ ಸೈನ್ಸ್ ಜೊತೆ ಡೇಟಾ ಸೈನ್ಸೂ ಮಾಡಿಬಿಡ್ತೀನಿ. ಅರ್ಧಕ್ಕರ್ಧ ಕೋರ್ಸ್ ಎರಡಕ್ಕೂ ಒಂದೇ.” ಅಪ್ಪನಿಗೂ ಖುಷಿ. ಒಂದೇ ಫೀಸಿನಲ್ಲಿ ಎರಡು ಮೇಜರ್, ಅಂದರೆ ಡಿಗ್ರಿಯಲ್ಲಿ ಎರಡು ಮುಖ್ಯ ವಿಷಯ, ಸಿಗುತ್ತದೆ ಅಂದರೆ ಯಾರಿಗೆ ಬೇಡ? ಆಮೇಲೆ ಅನುಮಾನ ಶುರುವಾಗುತ್ತದೆ. ಮೈನರ್, ಅಂದರೆ ಕಮ್ಮಿ ಕೋರ್ಸಿನ ಉಪವಿಷಯ, ಸಾಕಾ? ಎರಡನ್ನೂ ಸೇರಿಸಿದ ಕಂಬೈನ್ಡ್ ಮೇಜರ್ ಅಂತ ಇನ್ನೊಂದಿದೆಯಲ್ಲ, ಅದೇನು? ಅಥವಾ ಸುಮ್ನೆ ಒಂದೇ ಮೇಜರ್ ಚೆನ್ನಾಗಿ ಮಾಡಿ ಮುಗಿಸೋದಾ? ಇಂಥ ಪ್ರಶ್ನೆಗಳನ್ನು ಬೆಂಗಳೂರಿನ ಪೋಷಕರೂ ಕೇಳುತ್ತಾರೆ, ಆ ದೇಶಗಳಲ್ಲೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳೂ ಕೇಳುತ್ತಾರೆ.

ಅರ್ಧ ಕೋರ್ಸ್ ಒಂದೇ ಅನ್ನುವುದು ಸುಳ್ಳಲ್ಲ. ಆದರೆ ಮೊದಲ ವರ್ಷದಲ್ಲಿ ಕಾಣುವುದು ಬರೀ ಆ ಅರ್ಧ ಮಾತ್ರ. ಹೊರೆ ಇರುವುದು ಇನ್ನೊಂದು ಅರ್ಧದಲ್ಲಿ, ಅದೂ ಕೊನೆಯ ಎರಡು ವರ್ಷದಲ್ಲಿ. ಹಾಗಾಗಿ ಎಷ್ಟು ಕೋರ್ಸ್ ಎರಡೂ ಕಡೆ ಸಲ್ಲುತ್ತದೆ ಅಂತ ಎಣಿಸುವುದಕ್ಕಿಂತ, ಎಷ್ಟು ಸಲ್ಲುವುದಿಲ್ಲ ಅಂತ ಎಣಿಸಿದರೆ ನಿರ್ಧಾರ ಬೇಗ ಆಗುತ್ತದೆ. ಈ ಬರಹದ ಉದ್ದಕ್ಕೂ ನಾನು ಮಾಡುವುದು ಅದನ್ನೇ.

ನಮ್ಮ ಕಡೆಯ ಪೋಷಕರಿಗೆ ಇದು ತಲೆಗೆ ಹತ್ತುವುದು ಸ್ವಲ್ಪ ನಿಧಾನ. ಅದಕ್ಕೆ ಕಾರಣವಿದೆ. ನಮ್ಮ ಬಿಎಸ್ಸಿಯಲ್ಲಿ ಪಿಸಿಎಂ ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಸಮ. ಪ್ರತಿಯೊಂದಕ್ಕೂ ಅದರದೇ ಪೇಪರ್. ಒಂದು ಪೇಪರ್ ಬರೆದು ಎರಡು ವಿಷಯದಲ್ಲಿ ಪಾಸಾಗುವ ಮಾತೇ ಇಲ್ಲ. 2021-22ರಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ, ಬಂದಾಗ ಮೂರನೇ ವರ್ಷದಲ್ಲಿ ಎರಡು ಮೇಜರ್, ಇಲ್ಲವೇ ಒಂದು ಮೇಜರ್ ಒಂದು ಮೈನರ್ ಅನ್ನುವ ಆಯ್ಕೆ ನಮ್ಮ ಕಾಲೇಜುಗಳಿಗೂ ಬಂತು. ಅಷ್ಟರಲ್ಲಿ 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ಹೀಗಾಗಿ ಆ ಕಡೆಯ ಪದ್ಧತಿ ನಮಗೆ ಇನ್ನೂ ಹೊಸದೇ.

ಮೊದಲು ಒಂದು ಗೊಂದಲ ಬಿಡಿಸೋಣ

ಕೋರ್ಸ್ ಎರಡು ಕಡೆ ಲೆಕ್ಕಕ್ಕೆ ಬರುತ್ತದೆ ಅಂದರೆ ಕ್ರೆಡಿಟ್ ಎರಡು ಪಟ್ಟು ಸಿಗುತ್ತದೆ ಅಂತ ಅಲ್ಲ. ತುಂಬಾ ಜನ ಇಲ್ಲೇ ಎಡವುತ್ತಾರೆ.

ಕ್ಯಾಲಿಫೋರ್ನಿಯಾದ ಬರ್ಕ್ಲಿ ಯೂನಿವರ್ಸಿಟಿಯಲ್ಲಿ ಡಿಗ್ರಿಗೆ ಒಟ್ಟು 120 ಯೂನಿಟ್ ಬೇಕು, ಕ್ರೆಡಿಟ್‌ಗೆ ಅಲ್ಲಿ ಹೇಳುವುದು ಹಾಗೆ. ಲೀನಿಯರ್ ಆಲ್ಜೀಬ್ರಾ 4 ಯೂನಿಟ್‌ನ ಕೋರ್ಸ್. ಅದು ಕಂಪ್ಯೂಟರ್ ಸೈನ್ಸ್ ಪಟ್ಟಿಯಲ್ಲೂ ಇದೆ, ಡೇಟಾ ಸೈನ್ಸ್ ಪಟ್ಟಿಯಲ್ಲೂ ಇದೆ. ಒಮ್ಮೆ ಪಾಸಾದರೆ ಎರಡೂ ಪಟ್ಟಿಯಲ್ಲಿ ಟಿಕ್ ಬೀಳುತ್ತದೆ. ಆದರೆ 120ರ ಲೆಕ್ಕಕ್ಕೆ ಸೇರುವುದು 4 ಯೂನಿಟ್ ಮಾತ್ರ, 8 ಅಲ್ಲ. ಅಂದರೆ ಹೀಗೆ ಒಂದು ಕೋರ್ಸನ್ನು ಎರಡು ಮೇಜರ್ ಹಂಚಿಕೊಳ್ಳುವುದರಿಂದ ಡಿಗ್ರಿ ಬೇಗ ಮುಗಿಯುವುದಿಲ್ಲ. ಇಷ್ಟವಾದ ಬೇರೆ ಕೋರ್ಸ್‌ಗೆ ಇದ್ದ ಜಾಗದಲ್ಲಿ ಎರಡನೇ ಮೇಜರ್ ಬಂದು ಕೂರುತ್ತದೆ, ಅಷ್ಟೇ.

ಇನ್ನೊಂದು ವಿಷಯ. ಎಲ್ಲರೂ ಮಾಡಲೇಬೇಕಾದ ಸಾಮಾನ್ಯ ಕೋರ್ಸ್‌ಗಳು, ಅಂದರೆ ಬರವಣಿಗೆ, ಇತಿಹಾಸ, ಸಮಾಜ ವಿಜ್ಞಾನ ಇತ್ಯಾದಿ, ಮೇಜರ್ ಜೊತೆ ಹಂಚಿಕೊಳ್ಳುವುದಕ್ಕೆ ಬೇರೆ ನಿಯಮ ಇರುತ್ತದೆ. ಅದು ಸಾಮಾನ್ಯವಾಗಿ ಉದಾರ. ಎರಡು ಮೇಜರ್ ನಡುವಿನ ನಿಯಮ ಬಿಗಿ. ಯಾರಾದರೂ ಸೀನಿಯರ್ “ನಂದು ಆರು ಕೋರ್ಸ್ ಡಬಲ್ ಕೌಂಟ್ ಆಯ್ತು” ಅಂದರೆ, ಯಾವುದರ ನಡುವೆ ಅಂತ ಕೇಳಿ.

ತೂಗಿ ನೋಡಲು ಏನೇನು ಬೇಕು

ಆಯ್ಕೆಗಳಿಗೆ ಹೋಗುವ ಮುಂಚೆ ತಕ್ಕಡಿ ಸರಿ ಮಾಡಿಕೊಳ್ಳೋಣ. ಮೊದಲನೆಯದು, ನಿಮ್ಮ ಯೂನಿವರ್ಸಿಟಿಯ ಹಂಚಿಕೆಯ ನಿಯಮ ಯಾವ ಜಾತಿಯದು. ಎರಡನೆಯದು, ಹಂಚಿಕೆ ಕಳೆದ ಮೇಲೆ ಉಳಿಯುವ ಕೋರ್ಸ್ ಎಷ್ಟು, ಅವು ಯಾವ ಸೆಮಿಸ್ಟರ್‌ನಲ್ಲಿ ಬೀಳುತ್ತವೆ. ಮೂರನೆಯದು, ಆ ಎರಡನೇ ಮೇಜರ್‌ಗೆ ಪ್ರವೇಶ ಸಿಗುತ್ತದಾ. ನಾಲ್ಕನೆಯದು ದುಡ್ಡು: ಒಂದು ಸೆಮಿಸ್ಟರ್ ಜಾಸ್ತಿ ಆದರೆ ತಡೆದುಕೊಳ್ಳಬಲ್ಲಿರಾ? ಐದನೆಯದು ವೀಸಾ. ಕೊನೆಯದು, ನಿಜಕ್ಕೂ ಮುಖ್ಯವಾದದ್ದು, ಇದನ್ನೆಲ್ಲ ಯಾತಕ್ಕೆ ಮಾಡುತ್ತಿದ್ದೀರಿ. ಕೆಲಸಕ್ಕಾ, ಪಿಎಚ್‌ಡಿಗಾ, ಆಸೆಗಾ? ಆಸೆಗೆ ಓದುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆಸೆಗೆ ಡಬಲ್ ಮೇಜರ್ ಬೇಕಾಗುವುದು ಕಡಿಮೆ.

ನಿಯಮ ಮೂರು ಥರ

ಒಂದು ಥರ: ಹಂಚಿಕೆಯೇ ಇಲ್ಲ, ಅಥವಾ ಇಲ್ಲವೆಂಬಷ್ಟು ಕಡಿಮೆ. ಸ್ಟ್ಯಾನ್‌ಫರ್ಡ್ ಈ ಕಡೆಯದು. ಅಲ್ಲಿ ಡಬಲ್ ಮೇಜರ್ ಮಾಡುವಾಗ ಒಂದು ಕೋರ್ಸನ್ನು ಎರಡೂ ಮೇಜರ್‌ಗೆ ತೋರಿಸುವಂತಿಲ್ಲ. ಶುರುವಿನ ಗಣಿತ, ಭಾಷೆ ಇಂಥ ತಳಪಾಯದ ಕೋರ್ಸ್‌ಗಳಿಗೆ ಮಾತ್ರ ವಿನಾಯಿತಿ. ಇಂಥ ಕಡೆ ಡಬಲ್ ಮೇಜರ್ ಅಂದರೆ ಪೂರ್ತಿ ಎರಡು ಮೇಜರ್.

ಎರಡನೇ ಥರ: ಇಷ್ಟರವರೆಗೆ ಹಂಚಿಕೊಳ್ಳಬಹುದು ಅಂತ ಮೇಲ್ಮಿತಿ. ಯೇಲ್‌ನಲ್ಲಿ ಎರಡು ಮೇಜರ್ ನಡುವೆ ಎರಡು ಕೋರ್ಸ್. ಪ್ರಿರಿಕ್ವಿಸಿಟ್, ಅಂದರೆ ಮೇಜರ್‌ಗೆ ಮುಂಚೆ ಮಾಡಿರಬೇಕಾದ ಕೋರ್ಸ್‌ಗಳು, ಆ ಎರಡರ ಲೆಕ್ಕಕ್ಕೆ ಬರುವುದಿಲ್ಲ. ಬರ್ಕ್ಲಿಯ ಲೆಟರ್ಸ್ ಅಂಡ್ ಸೈನ್ಸ್ ಕಾಲೇಜಿನಲ್ಲೂ ಎರಡೇ. ಆದರೆ ಮಿತಿ ಇರುವುದು ಅಪ್ಪರ್ ಡಿವಿಷನ್ ಕೋರ್ಸ್‌ಗಳಿಗೆ, ಅಂದರೆ 100ರಿಂದ 199ರವರೆಗಿನ ನಂಬರ್ ಇರುವ ಮೇಲಿನ ಹಂತದವಕ್ಕೆ. ಕೆಳಗಿನ ಹಂತದ ಕೋರ್ಸ್ ಎಷ್ಟು ಬೇಕಾದರೂ ಹಂಚಿಕೊಳ್ಳಬಹುದು. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಇದೇ ಜಾತಿಯದಾದರೂ ಕೈ ಸ್ವಲ್ಪ ಧಾರಾಳ. ಅಲ್ಲಿ ಅಪ್ಪರ್ ಡಿವಿಷನ್‌ನಲ್ಲಿ ಐದು ಕೋರ್ಸ್, ಅಂದರೆ 20 ಯೂನಿಟ್‌ವರೆಗೆ.

ಮೂರನೇ ಥರ ಟೊರಾಂಟೊ ಯೂನಿವರ್ಸಿಟಿಯದು. ಸೇಂಟ್ ಜಾರ್ಜ್ ಕ್ಯಾಂಪಸ್‌ನ ಆರ್ಟ್ಸ್ ಅಂಡ್ ಸೈನ್ಸ್ ವಿಭಾಗದ ಮಾತು ಹೇಳುತ್ತಿದ್ದೇನೆ. ಅಲ್ಲಿ ಎಷ್ಟು ಹಂಚಿಕೊಂಡಿರಿ ಅಂತ ಯಾರೂ ಕೇಳುವುದಿಲ್ಲ. ಹಂಚಿಕೊಂಡ ಮೇಲೆ ಎಷ್ಟು ಉಳಿಯಿತು ಅಂತ ಕೇಳುತ್ತಾರೆ. ಎರಡೂ ಮೇಜರ್ ಸೇರಿ ಕನಿಷ್ಠ 12.0 ಬೇರೆಬೇರೆ ಕ್ರೆಡಿಟ್ ಇರಲೇಬೇಕು. ಅಲ್ಲಿ ಒಂದು ಸೆಮಿಸ್ಟರ್‌ನ ಕೋರ್ಸ್‌ಗೆ 0.5, ವರ್ಷಪೂರ್ತಿಯದಕ್ಕೆ 1.0. ಡಿಗ್ರಿಗೆ ಒಟ್ಟು 20.0.

ಇದನ್ನು ಒಂದು ಲೆಕ್ಕ ಹಾಕಿ ನೋಡೋಣ. ಒಂದು ಮೇಜರ್‌ಗೆ 8.0, ಇನ್ನೊಂದಕ್ಕೆ 7.5 ಬೇಕು ಅಂತಿಟ್ಟುಕೊಳ್ಳಿ. ಕೂಡಿದರೆ 15.5. ಇವೆರಡರ ನಡುವೆ 2.0 ಕ್ರೆಡಿಟ್ ಒಂದೇ ಆಗಿದ್ದರೆ ಉಳಿಯುವುದು 13.5. ಆರಾಮ. 3.5 ಒಂದೇ ಆದರೆ ಸರಿಯಾಗಿ 12.0, ಅಲ್ಲಿಗಲ್ಲಿಗೆ. 4.0 ಒಂದೇ ಆದರೆ 11.5 ಆಗಿ 0.5 ಕಮ್ಮಿ ಬೀಳುತ್ತದೆ. ಆಗ ಎರಡರಲ್ಲಿ ಒಂದರ ಪಟ್ಟಿಗೆ ಸೇರುವಂಥ ಇನ್ನೊಂದು ಅರ್ಧ ಕ್ರೆಡಿಟ್‌ನ ಕೋರ್ಸ್ ಮಾಡಬೇಕು. ಇಲ್ಲಿ ತಮಾಷೆ ಏನೆಂದರೆ, ವಿಷಯಗಳು ಹತ್ತಿರವಾದಷ್ಟೂ ಈ ತಾಪತ್ರಯ ಜಾಸ್ತಿ.

ಹಂಚಿಕೆಯ ಇನ್ನೊಂದು ಸೂಕ್ಷ್ಮವೂ ಟೊರಾಂಟೊದಲ್ಲೇ ಚೆನ್ನಾಗಿ ಕಾಣುತ್ತದೆ. ಪ್ರಾಬಬಿಲಿಟಿಗೆ ಅಲ್ಲಿ ಎಸ್‌ಟಿಎ237, ಎಸ್‌ಟಿಎ247, ಎಸ್‌ಟಿಎ257 ಅಂತ ಬೇರೆಬೇರೆ ಕೋರ್ಸ್ ಇವೆ. ಒಂದೇ ವಿಷಯ, ಗಣಿತದ ಗಟ್ಟಿತನ ಬೇರೆ. ಒಂದನ್ನು ಮುಗಿಸಿದ ಮೇಲೆ ಇನ್ನೊಂದನ್ನು ತೆಗೆದುಕೊಂಡು ಮತ್ತೆ ಕ್ರೆಡಿಟ್ ಪಡೆಯಲು ಬಿಡುವುದಿಲ್ಲ. ಹಾಗಾಗಿ ಮೊದಲ ಮೇಜರ್ ಒಪ್ಪುತ್ತದೆ ಅಂತ ಹಗುರವಾದದ್ದನ್ನು ಮಾಡಿಕೊಂಡು, ಆಮೇಲೆ ಎರಡನೇ ಮೇಜರ್ “ನಮಗೆ ಗಟ್ಟಿಯದೇ ಬೇಕು” ಅಂದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಎರಡನೇ ಮೇಜರ್‌ನ ಯೋಚನೆ ಸ್ವಲ್ಪವಾದರೂ ಇದ್ದರೆ ಎರಡೂ ಪಟ್ಟಿ ಒಪ್ಪುವ ಕೋರ್ಸನ್ನೇ ಆರಿಸಿ, ಅದು ಕಷ್ಟದ್ದಾದರೂ ಪರವಾಗಿಲ್ಲ. ಬೇರೆ ಯೂನಿವರ್ಸಿಟಿಗಳಲ್ಲೂ ಕ್ಯಾಲ್ಕುಲಸ್, ಸ್ಟಾಟಿಸ್ಟಿಕ್ಸ್, ಫಿಸಿಕ್ಸ್‌ಗಳಿಗೆ ಹೀಗೆ ಒಂದಕ್ಕಿಂತ ಜಾಸ್ತಿ ದಾರಿ ಇರುವುದು ಸಾಮಾನ್ಯ.

ಕೊನೆಯ ಎರಡು ವರ್ಷದ ಲೆಕ್ಕ

ಈಗ ಮತ್ತೆ ಬರ್ಕ್ಲಿಗೆ ಬರೋಣ, ಯಾಕೆಂದರೆ ಅರ್ಧಕ್ಕರ್ಧ ಒಂದೇ ಅನ್ನುವ ಭ್ರಮೆ ಅಲ್ಲಿ ಅಂಗೈಯಷ್ಟು ಸ್ಪಷ್ಟ. ಕಂಪ್ಯೂಟರ್ ಸೈನ್ಸ್ ಮತ್ತು ಡೇಟಾ ಸೈನ್ಸ್ ಎರಡಕ್ಕೂ ಕೆಳಹಂತದಲ್ಲಿ ಏನು ಬೇಕು? ಕ್ಯಾಲ್ಕುಲಸ್ ಎರಡು, ಲೀನಿಯರ್ ಆಲ್ಜೀಬ್ರಾ, ಶುರುವಿನ ಪ್ರೋಗ್ರಾಮಿಂಗ್ ಕೋರ್ಸ್‌ಗಳಾದ ಸಿಎಸ್ 61ಎ, ಸಿಎಸ್ 61ಬಿ. ಐದು ಕೋರ್ಸ್ ಹಂಚಿಕೆ, ಯಾವ ತಕರಾರೂ ಇಲ್ಲ. ಮೊದಲ ಮೂರು ಸೆಮಿಸ್ಟರ್ ಹೀಗೇ ಹೋಗುತ್ತದೆ. ಹುಡುಗನಿಗೆ ಎರಡು ಮೇಜರ್ ಮಾಡುತ್ತಿದ್ದೇನೆ ಅಂತ ಅನ್ನಿಸುವುದೇ ಇಲ್ಲ.

ಆಮೇಲೆ ಅಪ್ಪರ್ ಡಿವಿಷನ್. ಲೆಕ್ಕ ಸುಲಭವಾಗಲಿ ಅಂತ ಒಂದೊಂದು ಮೇಜರ್‌ಗೆ ಎಂಟು ಅಪ್ಪರ್ ಡಿವಿಷನ್ ಕೋರ್ಸ್ ಅಂತಿಟ್ಟುಕೊಳ್ಳಿ. ಎರಡು ಸೇರಿ ಹದಿನಾರು. ಮಷೀನ್ ಲರ್ನಿಂಗ್‌ನ ಸಿಎಸ್ 189ರಂಥದ್ದು ಎರಡೂ ಪಟ್ಟಿಗೆ ಸಲ್ಲುತ್ತದೆ. ಅಂಥ ಇನ್ನೂ ಕೆಲವು ಸಿಗಬಹುದು. ಆದರೆ ಲೆಕ್ಕಕ್ಕೆ ತೆಗೆದುಕೊಳ್ಳುವುದು ಎರಡನ್ನು ಮಾತ್ರ. ಉಳಿದದ್ದು ಹದಿನಾಲ್ಕು. ಇರುವುದು ನಾಲ್ಕು ಸೆಮಿಸ್ಟರ್. ಸೆಮಿಸ್ಟರ್‌ಗೆ ಮೂರೂವರೆ ಗಟ್ಟಿ ಕೋರ್ಸ್, ಪ್ರಾಜೆಕ್ಟ್ ಇರುವಂಥವು. ಒಂದೇ ಮೇಜರ್ ಆಗಿದ್ದರೆ ಸೆಮಿಸ್ಟರ್‌ಗೆ ಎರಡು. ವ್ಯತ್ಯಾಸ ಎಲ್ಲಿದೆ ಅಂತ ಈಗ ಕಂಡಿತಲ್ಲ?

ಮೂರನೇ ವರ್ಷವೇ ಇಂಟರ್ನ್‌ಶಿಪ್ ಹುಡುಕುವ ಕಾಲ. ಪ್ರೊಫೆಸರ್ ಹತ್ತಿರ ರಿಸರ್ಚ್ ಮಾಡುವ ಕಾಲವೂ ಅದೇ. ಸೆಮಿಸ್ಟರ್‌ಗೆ ನಾಲ್ಕು ಗಟ್ಟಿ ಕೋರ್ಸ್ ಹೊತ್ತವರಿಗೆ ಇವೆರಡಕ್ಕೂ ಪುರುಸೊತ್ತು ಸಿಗುವುದು ಕಷ್ಟ. ಬೇಸಿಗೆಯಲ್ಲಿ ಕೋರ್ಸ್ ತೆಗೆದುಕೊಂಡರೆ ಹೊರೆ ಇಳಿಯುತ್ತದೆ ಅಂತ ಹೇಳುತ್ತಾರೆ. ಇಳಿಯುತ್ತದೆ, ನಿಜ. ಆದರೆ ಬೇಸಿಗೆ ಹೋದರೆ ಇಂಟರ್ನ್‌ಶಿಪ್ಪೂ ಹೋಯಿತು.

ಹಾಗಾಗಿ ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಒಂದು ಮೇಜರ್, ಬಲಗಡೆ ಇನ್ನೊಂದು. ಎರಡೂ ಕಡೆ ಸಲ್ಲುವವನ್ನು ಮಧ್ಯದಲ್ಲಿ ಬರೆಯಿರಿ, ನಿಯಮ ಬಿಟ್ಟಷ್ಟನ್ನು ಮಾತ್ರ. ಆಮೇಲೆ ಮಧ್ಯದ ಸಾಲನ್ನು ಕೈಯಿಂದ ಮುಚ್ಚಿಬಿಡಿ. ಎಡಗಡೆ, ಬಲಗಡೆ ಉಳಿದಿರುವ ಒಂದೊಂದು ಕೋರ್ಸಿನ ಮುಂದೆ ಅದು ಯಾವ ಸೆಮಿಸ್ಟರ್‌ನಲ್ಲಿ ನಡೆಯುತ್ತದೆ, ಅದಕ್ಕೆ ಮುಂಚೆ ಏನು ಮುಗಿದಿರಬೇಕು ಅಂತ ಬರೆಯಿರಿ. ಕೆಲವು ಕೋರ್ಸ್ ವರ್ಷಕ್ಕೊಮ್ಮೆ ಮಾತ್ರ ಇರುತ್ತದೆ. ಎರಡು ಮೇಜರ್‌ನ ಅಂಥ ಎರಡು ಕೋರ್ಸ್ ಮಂಗಳವಾರ, ಗುರುವಾರ ಒಂದೇ ಹೊತ್ತಿಗೆ ಬಿದ್ದರೆ ಒಂದು ವರ್ಷ ಕಾಯಬೇಕು. ನಿಯಮದ ಪುಸ್ತಕದಲ್ಲಿ ಇದು ಇರುವುದಿಲ್ಲ, ಟೈಮ್‌ಟೇಬಲ್‌ನಲ್ಲಿ ಇರುತ್ತದೆ.

ಈಗ ಆಯ್ಕೆಗಳು

ಒಂದೇ ಮೇಜರ್, ಜೊತೆಗೆ ಬೇಕಾದ ಕೋರ್ಸ್. ಇದನ್ನು ಯಾರೂ ಆಯ್ಕೆ ಅಂತಲೇ ಎಣಿಸುವುದಿಲ್ಲ, ಅದೇ ನನಗೆ ಬೇಜಾರು. ಹಂಚಿಕೆಯ ತಲೆನೋವಿಲ್ಲ. ಎರಡನೇ ವಿಷಯದಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವ ನಾಲ್ಕೈದು ಕೋರ್ಸ್ ಆರಿಸಿಕೊಳ್ಳಬಹುದು, ಪಟ್ಟಿಯಲ್ಲಿದೆ ಅನ್ನುವ ಕಾರಣಕ್ಕೆ ಬೇಡದ್ದನ್ನು ಮಾಡಬೇಕಾಗಿಲ್ಲ. ಎಕನಾಮಿಕ್ಸ್ ಪಿಎಚ್‌ಡಿಗೆ ಹೋಗುವವರ ಉದಾಹರಣೆ ನೋಡಿ. ಅಲ್ಲಿ ಆಯ್ಕೆ ಸಮಿತಿ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಹುಡುಕುವುದು ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ ಇವುಗಳನ್ನು, ಅದರಲ್ಲಿ ಬಂದ ಗ್ರೇಡನ್ನು. ಗಣಿತ ಅನ್ನುವ ಎರಡನೇ ಮೇಜರ್‌ನ ಹೆಸರು ಇದ್ದರೆ ಚೆಂದ, ಆದರೆ ಆ ಕೋರ್ಸ್‌ಗಳು ಇಲ್ಲದೆ ಹೆಸರಿಗೆ ಬೆಲೆ ಕಮ್ಮಿ. ದುಡ್ಡು ಬಿಗಿ ಇರುವವರಿಗೆ, ಮೂರೂವರೆ ವರ್ಷದಲ್ಲಿ ಮುಗಿಸಿ ಹೊರಡಬೇಕು ಅನ್ನುವವರಿಗೆ ನನ್ನ ಮೊದಲ ಸಲಹೆ ಇದೇ. ಒಂದು ಅಪವಾದ ಇದೆ, ಟೊರಾಂಟೊ. ಅಲ್ಲಿ ಬರೀ ಒಂದು ಮೇಜರ್ ಮಾಡಿದರೆ ಡಿಗ್ರಿಯೇ ಸಿಗುವುದಿಲ್ಲ. ಒಂದು ಸ್ಪೆಷಲಿಸ್ಟ್ (ಒಂದೇ ವಿಷಯವನ್ನು ಮೇಜರ್‌ಗಿಂತ ಆಳವಾಗಿ ಓದುವುದು), ಇಲ್ಲ ಎರಡು ಮೇಜರ್, ಇಲ್ಲ ಒಂದು ಮೇಜರ್ ಮತ್ತು ಎರಡು ಮೈನರ್, ಈ ಮೂರರಲ್ಲಿ ಒಂದಿರಬೇಕು. ಅಂದರೆ ಅಲ್ಲಿ ಡಬಲ್ ಮೇಜರ್ ಅನ್ನುವುದು ಹೆಚ್ಚುಗಾರಿಕೆಯೇ ಅಲ್ಲ, ಮಾಮೂಲು ದಾರಿ. “ನಮ್ಮ ಅಣ್ಣನ ಮಗಳು ಟೊರಾಂಟೊದಲ್ಲಿ ಡಬಲ್ ಮೇಜರ್” ಅಂತ ಯಾರಾದರೂ ಹೇಳಿದರೆ, ಅದನ್ನು ನೋಡಿ ಸ್ಟ್ಯಾನ್‌ಫರ್ಡ್‌ನಲ್ಲಿರುವ ಮಗನಿಗೆ ಒತ್ತಾಯ ಮಾಡಬೇಡಿ.

ಮೇಜರ್ ಮತ್ತು ಮೈನರ್. ಮೈನರ್ ಅಂದರೆ ಸುಮಾರು ಐದರಿಂದ ಏಳು ಕೋರ್ಸ್. ಟೊರಾಂಟೊದಲ್ಲಿ 4.0 ಕ್ರೆಡಿಟ್. ಹಂಚಿಕೆ ಇಲ್ಲಿ ಇನ್ನೂ ಬಿಗಿ. ಬರ್ಕ್ಲಿಯ ಲೆಟರ್ಸ್ ಅಂಡ್ ಸೈನ್ಸ್‌ನಲ್ಲಿ ಮೇಜರ್ ಮತ್ತು ಮೈನರ್ ನಡುವೆ ಒಂದೇ ಒಂದು ಅಪ್ಪರ್ ಡಿವಿಷನ್ ಕೋರ್ಸ್ ಹಂಚಿಕೊಳ್ಳಬಹುದು. ಟೊರಾಂಟೊದಲ್ಲಿ ಮೇಜರ್ ಮತ್ತು ಎರಡು ಮೈನರ್ ಸೇರಿಯೂ ಅದೇ 12.0 ಬೇರೆ ಕ್ರೆಡಿಟ್. ಆದರೆ ಮೈನರ್‌ನ ದೊಡ್ಡ ಗುಣ ಬೇರೆ: ಬಿಡುವುದು ಸುಲಭ. ಕೊನೆಯ ವರ್ಷ ಆಗಲಿಲ್ಲ ಅಂದರೆ ಕೈಬಿಟ್ಟರೆ ಡಿಗ್ರಿಗೆ ಏನೂ ಆಗುವುದಿಲ್ಲ (ಟೊರಾಂಟೊ ಬಿಟ್ಟು, ಅಲ್ಲಿ ಮೈನರ್ ಡಿಗ್ರಿಯ ಕಂಬವೇ). ಕಂಪ್ಯೂಟರ್ ಸೈನ್ಸ್ ಮಾಡುತ್ತಾ ಸಂಗೀತ, ಸಂಸ್ಕೃತ, ಭಾಷಾಶಾಸ್ತ್ರ ಇಂಥದ್ದನ್ನು ಮುಟ್ಟಬೇಕು ಅನ್ನುವವರಿಗೆ ಇದು ಹೇಳಿ ಮಾಡಿಸಿದ್ದು. ಹತ್ತಿರದ ವಿಷಯದಲ್ಲಿ ಮೈನರ್ ಮಾಡಿದರೆ ಒಂದೇ ಕೋರ್ಸ್ ಹಂಚಿಕೆ ಅನ್ನುವ ಮಿತಿಗೆ ಸಿಕ್ಕಿ, ಮೈನರ್‌ಗಾಗಿಯೇ ಹೊಸ ಕೋರ್ಸ್ ಹುಡುಕಬೇಕಾಗುತ್ತದೆ.

ಕಂಬೈನ್ಡ್ ಮೇಜರ್. ಎರಡು ವಿಭಾಗಗಳು ಮೊದಲೇ ಕೂತು ಮಾತಾಡಿಕೊಂಡು ಒಂದು ಪಟ್ಟಿ ಮಾಡಿಟ್ಟಿರುತ್ತವೆ. ಯೇಲ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಮತ್ತು ಗಣಿತ, ಕಂಪ್ಯೂಟರ್ ಸೈನ್ಸ್ ಮತ್ತು ಎಕನಾಮಿಕ್ಸ್, ಎಕನಾಮಿಕ್ಸ್ ಮತ್ತು ಗಣಿತ ಇಂಥವಿವೆ. ಎಂಐಟಿಯಲ್ಲಿ 6-14 ಅನ್ನುವುದು ಕಂಪ್ಯೂಟರ್ ಸೈನ್ಸ್, ಎಕನಾಮಿಕ್ಸ್, ಡೇಟಾ ಸೈನ್ಸ್ ಮೂರನ್ನೂ ಸೇರಿಸಿದ್ದು. ಇಲಿನಾಯ್ ಯೂನಿವರ್ಸಿಟಿಯ ಅರ್ಬಾನಾ-ಶಾಂಪೇನ್ ಕ್ಯಾಂಪಸ್‌ನಲ್ಲಿ ಸಿಎಸ್ ಪ್ಲಸ್ ಎಕ್ಸ್ ಅಂತ ದೊಡ್ಡ ಸಾಲೇ ಇದೆ. ಕಂಪ್ಯೂಟರ್ ಸೈನ್ಸ್ ಜೊತೆ ಭಾಷಾಶಾಸ್ತ್ರ, ಸಂಗೀತ, ಫಿಲಾಸಫಿ, ಬೆಳೆ ವಿಜ್ಞಾನ ಕೂಡ ಸಿಗುತ್ತದೆ. ಬೆಳೆ ವಿಜ್ಞಾನ ನೋಡಿದಾಗಲೆಲ್ಲ ನನಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ನೆನಪಾಗುತ್ತದೆ. ಅಂಥದ್ದೊಂದು ಅಲ್ಲೂ ಬಂದರೆ ಎಷ್ಟು ಚೆನ್ನ!

ನಿಮ್ಮ ಎರಡು ವಿಷಯಕ್ಕೆ ಸರಿಹೊಂದುವ ಕಂಬೈನ್ಡ್ ಮೇಜರ್ ಇದ್ದರೆ ಮೊದಲು ಅದನ್ನೇ ನೋಡಿ. ಹಂಚಿಕೆಯ ಕೆಲಸವನ್ನು ಯೂನಿವರ್ಸಿಟಿಯೇ ಮಾಡಿಕೊಟ್ಟಿರುತ್ತದೆ, ನೀವು ಮಿತಿ ಎಣಿಸುತ್ತಾ ಕೂರಬೇಕಾಗಿಲ್ಲ. ಎರಡು ಪೂರ್ತಿ ಮೇಜರ್‌ಗಿಂತ ಕೋರ್ಸ್ ಕಮ್ಮಿ. ಕೊಡಬೇಕಾದ ಬೆಲೆಯೂ ಇದೆ. ಎರಡೂ ವಿಷಯದಲ್ಲಿ ಆಳದ ಕೆಲವು ಕೋರ್ಸ್ ತಪ್ಪಿಹೋಗುತ್ತದೆ. ಒಂದು ವಿಷಯದಲ್ಲಿ ಪಿಎಚ್‌ಡಿ ಗುರಿ ಇದ್ದರೆ ತಪ್ಪಿದವನ್ನು ನೀವೇ ಹುಡುಕಿ ಸೇರಿಸಿಕೊಳ್ಳಬೇಕು. ಇನ್ನೊಂದು, ಇಂಥ ಕಾರ್ಯಕ್ರಮ ಶಾಶ್ವತ ಅಲ್ಲ. ಸ್ಟ್ಯಾನ್‌ಫರ್ಡ್ 2014ರಲ್ಲಿ ಕಂಪ್ಯೂಟರ್ ಸೈನ್ಸನ್ನು ಇಂಗ್ಲಿಷ್, ಸಂಗೀತ ಇವುಗಳ ಜೊತೆ ಸೇರಿಸುವ ಜಾಯಿಂಟ್ ಮೇಜರ್ ಶುರು ಮಾಡಿತ್ತು, ಕೆಲವೇ ವರ್ಷದಲ್ಲಿ ನಿಲ್ಲಿಸಿತು. ಈಗಾಗಲೇ ಸೇರಿದವರನ್ನು ಸಾಮಾನ್ಯವಾಗಿ ಮುಗಿಸಲು ಬಿಡುತ್ತಾರೆ. ಮುಂದಿನ ವರ್ಷ ಸೇರಿದರಾಯಿತು ಅಂತ ಕಾಯುವವರಿಗೆ ಮಾತ್ರ ಇದು ತೊಂದರೆ.

ಡಬಲ್ ಮೇಜರ್. ಇದು ಯಾರಿಗೆ? ನನ್ನ ಅಭಿಪ್ರಾಯದಲ್ಲಿ ಎರಡು ಥರದವರಿಗೆ. ಮೊದಲನೆಯವರು, ಮುಚ್ಚಿದ ಮಧ್ಯದ ಸಾಲಿನ ಎರಡು ಬದಿ ನೋಡಿದಾಗ ಉಳಿದ ಕೋರ್ಸ್‌ಗಳಲ್ಲಿ ಹೆಚ್ಚಿನವನ್ನು ಹೇಗಿದ್ದರೂ ಮಾಡುತ್ತಿದ್ದೆ ಅನ್ನುವವರು. ಅವರಿಗೆ ಎರಡನೇ ಮೇಜರ್ ಹೊರೆಯೇ ಅಲ್ಲ. ಎರಡನೆಯವರು, ಎರಡು ವಿಷಯ ಒಂದಕ್ಕೊಂದು ದೂರ ಇದ್ದು, ಎರಡರಲ್ಲೂ ಮುಂದೆ ಹೋಗುವ ಬಾಗಿಲು ತೆರೆದಿಟ್ಟುಕೊಳ್ಳಬೇಕಾದವರು. ಜೀವಶಾಸ್ತ್ರ ಮತ್ತು ಇತಿಹಾಸ ಇದ್ದ ಹಾಗೆ. ಇಲ್ಲಿ ಹಂಚಿಕೆ ಹೆಚ್ಚುಕಡಿಮೆ ಸೊನ್ನೆ. ಆದರೂ ಇದೇ ಕೆಲವೊಮ್ಮೆ ಸುಲಭ, ಯಾಕೆಂದರೆ ಪ್ರಾಬ್ಲಂ ಸೆಟ್ ಬಿಡಿಸಿ ಸಾಕಾದ ತಲೆ ಓದಿ ಬರೆಯುವ ಕೆಲಸದಲ್ಲಿ ಸುಧಾರಿಸಿಕೊಳ್ಳುತ್ತದೆ. ರೆಸ್ಯೂಮೆಯಲ್ಲಿ ಎರಡು ಹೆಸರು ಕಾಣಲಿ ಅಂತ ಹತ್ತಿರದ ಎರಡು ವಿಷಯ ಮಾಡುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಕೆಲಸ ಕೊಡುವವರು ಸಿಎಸ್ ಮೇಜರ್‌ನಲ್ಲಿ ಮಷೀನ್ ಲರ್ನಿಂಗ್ ಪ್ರಾಜೆಕ್ಟ್ ಇದೆಯಾ ಅಂತ ನೋಡುತ್ತಾರೆ, ಪಕ್ಕದಲ್ಲಿ ಡೇಟಾ ಸೈನ್ಸ್ ಅಂತಲೂ ಇದೆಯಾ ಅಂತ ಅಲ್ಲ.

ಬಾಗಿಲಿನ ವಿಷಯ ಮರೆಯಬೇಡಿ. ಬೇಡಿಕೆ ಜಾಸ್ತಿ ಇರುವ ಮೇಜರ್‌ಗೆ ಆಮೇಲೆ ಸೇರಿಕೊಳ್ಳುವುದು ಬಹಳ ಕಷ್ಟವಾಗಿದೆ. ಬರ್ಕ್ಲಿಯಲ್ಲಿ ಒಳಗಿನ ವಿದ್ಯಾರ್ಥಿಗಳೂ ಕಂಪ್ಯೂಟರ್ ಸೈನ್ಸ್‌ಗೆ ಮತ್ತೆ ಅರ್ಜಿ ಹಾಕಿ ಪೈಪೋಟಿ ನಡೆಸಬೇಕು. ಟೊರಾಂಟೊದಲ್ಲೂ ಅದು ಸೀಟು ಮಿತಿ ಇರುವ ಕಾರ್ಯಕ್ರಮ. ಹಂಚಿಕೆಯ ಲೆಕ್ಕ ಎಷ್ಟೇ ಚೆನ್ನಾಗಿ ಬಂದರೂ ಸೀಟು ಇಲ್ಲ ಅಂದರೆ ಆಟ ಮುಗಿಯಿತು. ಸೀಟು ಸಿಗುವುದು ಕಷ್ಟದ ಮೇಜರ್ ಯಾವುದೋ ಅದನ್ನು ಮೊದಲು ಭದ್ರ ಮಾಡಿಕೊಳ್ಳಿ.

ಎರಡು ಡಿಗ್ರಿ. ಡಬಲ್ ಮೇಜರ್ ಅಂದರೆ ಒಂದು ಡಿಗ್ರಿ, ಎರಡು ಮೇಜರ್. ಡ್ಯುಯಲ್ ಡಿಗ್ರಿ ಅಂದರೆ ಎರಡು ಸರ್ಟಿಫಿಕೇಟ್. ಸ್ಟ್ಯಾನ್‌ಫರ್ಡ್‌ನಲ್ಲಿ ಒಂದು ಡಿಗ್ರಿಗೆ 180 ಯೂನಿಟ್, ಎರಡಕ್ಕೆ 225. ಅಂದರೆ ಪೂರ್ತಿ ಒಂದು ವರ್ಷದ ಕೆಲಸ ಹೆಚ್ಚು. ದುಡ್ಡಿನ ಚಿಂತೆ ಇಲ್ಲದವರು, ಎಂಜಿನಿಯರಿಂಗ್ ಜೊತೆ ಬಿಎ ಬೇಕೇ ಬೇಕು ಅನ್ನುವವರು ನೋಡಬಹುದು. ಆ ಒಂದು ವರ್ಷದಲ್ಲಿ ಮಾಸ್ಟರ್ಸ್‌ನ ಹೆಚ್ಚಿನ ಭಾಗ ಮುಗಿಯುತ್ತದೆ ಅನ್ನುವುದು ನೆನಪಿರಲಿ. ಯುಜಿಸಿ 2022ರಲ್ಲಿ ಏಕಕಾಲಕ್ಕೆ ಎರಡು ಡಿಗ್ರಿ ಓದಲು ಒಪ್ಪಿಗೆ ಕೊಟ್ಟಿತಲ್ಲ, ಅದೇ ಬೇರೆ ಕಥೆ. ಅಲ್ಲಿ ಕೋರ್ಸ್ ಹಂಚಿಕೊಳ್ಳುವ ಪ್ರಶ್ನೆಯೇ ಏಳುವುದಿಲ್ಲ.

ದುಡ್ಡು, ವೀಸಾ

ಫೀಸು ಸೆಮಿಸ್ಟರ್ ಲೆಕ್ಕದಲ್ಲಿದೆಯಾ, ಕ್ರೆಡಿಟ್ ಲೆಕ್ಕದಲ್ಲಿದೆಯಾ ಅಂತ ನೋಡಿ. ಸೆಮಿಸ್ಟರ್ ಲೆಕ್ಕದಲ್ಲಿದ್ದರೆ ನಾಲ್ಕು ಕೋರ್ಸ್ ತೆಗೆದುಕೊಂಡರೂ ಐದು ತೆಗೆದುಕೊಂಡರೂ ಅಷ್ಟೇ. ಟೊರಾಂಟೊದ ಆರ್ಟ್ಸ್ ಅಂಡ್ ಸೈನ್ಸ್‌ನಲ್ಲಿ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಹೀಗೇ. ಅಲ್ಲಿ ನಾಲ್ಕು ವರ್ಷದೊಳಗೆ ಕೂರಿಸಿಕೊಂಡರೆ ಎರಡನೇ ಮೇಜರ್‌ಗೆ ಬೇರೆ ಫೀಸು ಕಟ್ಟಬೇಕಾಗಿಲ್ಲ. ಕ್ರೆಡಿಟ್ ಲೆಕ್ಕದಲ್ಲಿದ್ದರೆ ಹಂಚಿಕೆಯಾಗದ ಒಂದೊಂದು ಕೋರ್ಸೂ ಬಿಲ್. ಎಲ್ಲಕ್ಕಿಂತ ದುಬಾರಿ ಎಂದರೆ ಒಂದೇ ಕೋರ್ಸ್ ಉಳಿದು ಒಂಬತ್ತನೇ ಸೆಮಿಸ್ಟರ್‌ಗೆ ಹೋಗುವುದು. ಫೀಸಿನ ಜೊತೆ ಬಾಡಿಗೆ, ಊಟ, ಇನ್ಶೂರೆನ್ಸ್ ಎಲ್ಲವೂ ಸೇರಿಕೊಳ್ಳುತ್ತದೆ. ಟೆಕ್ಸಸ್‌ನಲ್ಲಿ ನೆಲೆಸಿರುವ ನಮ್ಮವರು ಇನ್ನೊಂದನ್ನು ಗಮನಿಸಬೇಕು. ಅಲ್ಲಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಡಿಗ್ರಿಗೆ ಬೇಕಾದ್ದಕ್ಕಿಂತ 30 ಕ್ರೆಡಿಟ್ ಮೀರಿದರೆ ರಾಜ್ಯದವರಿಗೂ ಹೆಚ್ಚಿನ ಫೀಸು ಹಾಕಬಹುದು.

ಎಫ್-1, ಅಂದರೆ ಅಮೆರಿಕದ ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಮೇಜರ್ ಮತ್ತು ಮೈನರ್ ನಡುವಿನ ವ್ಯತ್ಯಾಸ ಬರೀ ಹೆಸರಿನದಲ್ಲ. ಡಿಗ್ರಿ ಮುಗಿದ ಮೇಲೆ ಒಪಿಟಿ ಅಂತ 12 ತಿಂಗಳು ಕೆಲಸ ಮಾಡಬಹುದು. ಸ್ಟೆಮ್, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಪಟ್ಟಿಯಲ್ಲಿರುವ ಮೇಜರ್ ಆಗಿದ್ದರೆ ಇನ್ನೂ 24 ತಿಂಗಳು ಸಿಗುತ್ತದೆ. ಇತಿಹಾಸ ಮೇಜರ್, ಸ್ಟಾಟಿಸ್ಟಿಕ್ಸ್ ಮೈನರ್ ಮಾಡಿದವರಿಗೆ ಆ 24 ತಿಂಗಳು ಸಿಗುವುದಿಲ್ಲ, ಮೈನರ್ ಲೆಕ್ಕಕ್ಕಿಲ್ಲ. ಇತಿಹಾಸ ಮತ್ತು ಸ್ಟಾಟಿಸ್ಟಿಕ್ಸ್ ಎರಡೂ ಮೇಜರ್ ಆಗಿದ್ದು, ಎರಡೂ ಐ-20ಯಲ್ಲಿ (ವಿದ್ಯಾರ್ಥಿ ವೀಸಾಕ್ಕಾಗಿ ಯೂನಿವರ್ಸಿಟಿ ಕೊಡುವ ದಾಖಲೆ) ನಮೂದಾಗಿದ್ದರೆ ಸಿಗಬಹುದು, ಆದರೆ ಮಾಡುವ ಕೆಲಸ ಸ್ಟೆಮ್ ಮೇಜರ್‌ಗೆ ನೇರವಾಗಿ ಸಂಬಂಧಪಟ್ಟಿರಬೇಕು. ಇಂಥವರಿಗೆ ಡಬಲ್ ಮೇಜರ್‌ನ ಹೊರೆ ಹೊರುವುದಕ್ಕೆ ಒಳ್ಳೆಯ ಕಾರಣವಿದೆ. ಹಾಗೇ, ಎಕನಾಮಿಕ್ಸ್ ಓದುವವರು ಗಣಿತವನ್ನು ಸ್ಟೆಮ್ ಸಲುವಾಗಿಯೇ ಸೇರಿಸಿಕೊಳ್ಳುವ ಮುಂಚೆ ತಮ್ಮ ಎಕನಾಮಿಕ್ಸ್ ಮೇಜರ್‌ಗೆ ಯೂನಿವರ್ಸಿಟಿ ಕೊಟ್ಟಿರುವ ವಿಷಯದ ಕೋಡ್ ನೋಡಲಿ. ಅನೇಕ ಯೂನಿವರ್ಸಿಟಿಗಳು ಅದನ್ನು ಎಕನೊಮೆಟ್ರಿಕ್ಸ್‌ನ 45.0603 ಕೋಡ್‌ಗೆ ಬದಲಿಸಿವೆ, ಅದು ಸ್ಟೆಮ್ ಪಟ್ಟಿಯಲ್ಲೇ ಇದೆ. ಹಾಗಿದ್ದರೆ ಎರಡನೇ ಮೇಜರ್ ಯಾಕೆ? ಎರಡನೇ ಮೇಜರ್‌ನಿಂದ ಓದು ಉದ್ದವಾಗುವಂತಿದ್ದರೆ ಐ-20ಯ ಕೊನೆಯ ದಿನಾಂಕದ ಬಗ್ಗೆ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಮುಂಚೆಯೇ ಮಾತಾಡಿ. ಕೊನೇ ಗಳಿಗೆಯಲ್ಲಿ ವಿಸ್ತರಣೆ ಕೇಳುವುದು ಅಪಾಯ.

ಅಡ್ವೈಸರ್‌ಗೆ ಏನು ಬರೆಯಬೇಕು

“ನಾನು ಡಬಲ್ ಮೇಜರ್ ಮಾಡಬಹುದಾ?” ಅಂತ ಬರೆದರೆ “ಖಂಡಿತ ಮಾಡಬಹುದು, ಪ್ಲ್ಯಾನ್ ಮಾಡಿಕೊಳ್ಳಿ” ಅಂತ ಉತ್ತರ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ಹಾಳೆಯ ಮಧ್ಯದ ಸಾಲಿನಲ್ಲಿರುವ ಕೋರ್ಸ್‌ಗಳ ಕೋಡ್ ಬರೆದು, ಇವಿಷ್ಟನ್ನೂ ಎರಡೂ ಮೇಜರ್‌ಗೆ ಒಪ್ಪುತ್ತೀರಾ, ಯಾವುದನ್ನು ಒಪ್ಪುವುದಿಲ್ಲ ಅಂತ ಕೇಳಿ. ನಾನು ಸೇರಿದ ವರ್ಷದ ಕ್ಯಾಟಲಾಗ್‌ನ ನಿಯಮ ಅನ್ವಯಿಸುತ್ತದಾ, ಮೇಜರ್ ಡಿಕ್ಲೇರ್ ಮಾಡಿದ ವರ್ಷದ್ದಾ ಅಂತ ಕೇಳಿ. ಎರಡು ಮೇಜರ್ ಎರಡು ಕಾಲೇಜಿಗೆ ಸೇರಿದ್ದರೆ, ಉದಾಹರಣೆಗೆ ಒಂದು ಎಂಜಿನಿಯರಿಂಗ್‌ನಲ್ಲಿ, ಒಂದು ಲೆಟರ್ಸ್ ಅಂಡ್ ಸೈನ್ಸ್‌ನಲ್ಲಿ, ಯಾವ ಕಾಲೇಜಿನ ಮಿತಿ ನಡೆಯುತ್ತದೆ ಅಂತಲೂ ಕೇಳಿ. ಎರಡು ವಿಭಾಗದ ಅಡ್ವೈಸರ್‌ಗಳಿಗೂ ಒಂದೇ ಮೇಲ್ ಕಳಿಸಿ. ಒಬ್ಬರು ಹೂಂ ಅಂದು ಇನ್ನೊಬ್ಬರು ಊಹೂಂ ಅನ್ನುವುದು ಅಪರೂಪವಲ್ಲ. ಉತ್ತರ ಬಾಯಿಮಾತಿನಲ್ಲಿ ಬಂದರೆ “ನೀವು ಹೇಳಿದ್ದು ಹೀಗೆ ಅಂತ ತಿಳಿದುಕೊಂಡೆ” ಅಂತ ಒಂದು ಮೇಲ್ ಹಾಕಿ ಇಟ್ಟುಕೊಳ್ಳಿ. ಆಮೇಲೆ ಡಿಗ್ರಿ ಆಡಿಟ್‌ನಲ್ಲಿ, ಅಂದರೆ ಯಾವುದು ಮುಗಿದಿದೆ ಯಾವುದು ಬಾಕಿ ಅಂತ ತೋರಿಸುವ ಯೂನಿವರ್ಸಿಟಿಯ ಸಾಫ್ಟ್‌ವೇರ್‌ನಲ್ಲಿ, ಎರಡನೇ ಮೇಜರ್ ಸೇರಿಸಿ ಓಡಿಸಿ ನೋಡಿ. ಹಂಚಿಕೆಯ ಮಿತಿಯನ್ನು ಆಡಿಟ್ ಯಾವಾಗಲೂ ಸರಿಯಾಗಿ ಹಿಡಿಯುವುದಿಲ್ಲ, ಮೂರನೇ ಅಪ್ಪರ್ ಡಿವಿಷನ್ ಕೋರ್ಸಿಗೂ ಹಸಿರು ಟಿಕ್ ತೋರಿಸಿಬಿಡಬಹುದು. ಕೊನೆಯ ಸೆಮಿಸ್ಟರ್‌ನಲ್ಲಿ ಮನುಷ್ಯರು ಕೂತು ಎಣಿಸುವಾಗ ಅದು ಕೆಂಪಾಗುತ್ತದೆ. ಆದ್ದರಿಂದ ಮೂರನೇ ವರ್ಷ ಮುಗಿಯುವ ಮುಂಚೆಯೇ ಒಮ್ಮೆ ಅವರ ಕೈಯಲ್ಲೇ ಎಣಿಸಿಕೊಳ್ಳಿ. ಆಗ ಒಂದು ಕೋರ್ಸ್ ಕಮ್ಮಿ ಬಿದ್ದರೂ ಸೇರಿಸಲು ಎರಡು ಸೆಮಿಸ್ಟರ್ ಇರುತ್ತದೆ, ಬೇಡ ಅನ್ನಿಸಿದರೆ ಎರಡನೇ ಮೇಜರನ್ನು ಮೈನರ್‌ಗೆ ಇಳಿಸಲೂ ಸಮಯ ಇರುತ್ತದೆ.